ಹೆಪ್ಪು ಹಾಕಿದ ಹಾಲು ಮೊಸರಾಗದಿದ್ದರೆ

ಮಂಡ್ಯ ಸೀಮೆಯಲ್ಲಿ ನಾನು ಪಶುವೈದ್ಯ. ಇಲ್ಲಿ ಹಸುಗಳಿಗೆ ಆಂಟಿಬಯೋಟಿಕ್ ಜಾಸ್ತಿ ಬಳಕೆಯಾಗುವುದು ಕೆಚ್ಚಲು ಬಾವಿಗೆ. ರೋಗಾಣುಗಳು ಔಷಧಿಗೆ ಜಗ್ಗದ ಹಾಗಾಗುತ್ತವೆ ಎಂದು ಭಾಷಣ ಶುರು ಮಾಡಿದರೆ ಯಾರೂ ಕಿವಿಗೊಡುವುದಿಲ್ಲ. ನಾನು ಮೊಸರಿನಿಂದ ಶುರು ಮಾಡುತ್ತೇನೆ.

ಡೇರಿಯಲ್ಲಿ ಸಭೆ ಇದ್ದರೆ ಹಿಂದಿನ ರಾತ್ರಿಯೇ ಒಂದೇ ಹಸುವಿನ ಹಾಲು ಕಾಯಿಸಿ, ಆರಿಸಿ, ಎರಡು ಲೋಟದಲ್ಲಿ ಹೆಪ್ಪು ಹಾಕುತ್ತೇನೆ. ಒಂದಕ್ಕೆ ಮಾತ್ರ ಪೆನಿಸಿಲಿನ್ ಒಂದು ಹನಿ. ಬೆಳಿಗ್ಗೆ ಒಂದು ಲೋಟದಲ್ಲಿ ಗಟ್ಟಿ ಮೊಸರು. ಇನ್ನೊಂದನ್ನು ಓರೆ ಮಾಡಿದರೆ ಹಾಲು ಹಾಲಾಗಿಯೇ ಹರಿಯುತ್ತದೆ. "ಸೂಜಿ ಹಾಕಿಸ್ದಾಗ ನಮ್ಮನೇಲೂ ಹಿಂಗೇ ಆಗಿತ್ತು ಸಾರ್" ಎಂದು ಹಿಂದಿನಿಂದ ಯಾರೋ ಹೆಂಗಸು ಹೇಳೇ ಹೇಳುತ್ತಾರೆ. ಮೊಸರು ಮಾಡುವ ಒಳ್ಳೆಯ ಜೀವಾಣುಗಳನ್ನೇ ಔಷಧಿ ಕೊಂದಿದೆ, ಆ ಹಾಲು ಕುಡಿದ ಮಗುವಿನ ಹೊಟ್ಟೆಗೂ ಅದೇ ಔಷಧಿ ಹೋಗುತ್ತದೆ ಅಲ್ವಾ ಎಂದು ನಾನು ಕೇಳುತ್ತೇನೆ. ಆಮೇಲೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಹಾಲು ಕರೆಯುವವರೂ ಹೆಪ್ಪು ಹಾಕುವವರೂ ಮನೆಯ ಹೆಂಗಸರೇ. ಅವರಿಲ್ಲದ ಸಭೆ ನನ್ನ ಮಟ್ಟಿಗೆ ದಂಡ.

ಕಷ್ಟ ಇರುವುದು ದುಡ್ಡಿನ ಕಡೆ. ಔಷಧಿ ಕೊಟ್ಟ ಮೇಲೆ ಲೇಬಲ್ ಮೇಲೆ ಬರೆದಷ್ಟು ದಿನ ಡೇರಿಗೆ ಹಾಲು ಹಾಕಬಾರದು. ಒಂದೇ ಮೊಲೆಗೆ ಔಷಧಿ ಟ್ಯೂಬ್ ಏರಿಸಿದ್ದರೂ ನಾಲ್ಕೂ ಮೊಲೆಯ ಹಾಲು ಚೆಲ್ಲಬೇಕು. ಕರುವಿಗೂ ಕುಡಿಸಬಾರದು. ಬಟವಾಡೆ ಕಡಿಮೆಯಾಗುತ್ತದೆ ಎಂಬ ಭಯಕ್ಕೆ ರೈತ ಸುಮ್ನೆ ಹಾಲು ತಂದು ಸುರಿಯುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ. ಹಾಗಾಗಿ ನಾನು ಡೇರಿ ಸೆಕ್ರೆಟರಿ ಜೊತೆ ಕೂತು ಮಾತಾಡುತ್ತೇನೆ: ಔಷಧಿ ಕೊಡಿಸಿದ್ದೇನೆ ಎಂದು ತಾನಾಗಿ ಹೇಳಿದವರನ್ನು ಎಲ್ಲರ ಮುಂದೆ ಅವಮಾನಿಸಬೇಡಿ. ಯಾವ ಹೊತ್ತಿನ ಹಾಲಿನಿಂದ ಮತ್ತೆ ಹಾಕಬಹುದು ಎಂಬುದನ್ನು ಚಿಕಿತ್ಸೆ ಮಾಡಿದ ದಿನವೇ ಕೊಟ್ಟಿಗೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬರುತ್ತೇನೆ.

ಬಾವು ಬರದಂತೆ ನೋಡಿಕೊಂಡರೆ ನಷ್ಟವೇ ಇಲ್ಲ. ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಸೋಪಿನ ಪುಡಿ ಕಲಸಿ, ಒಂದೊಂದು ಮೊಲೆಯ ಹಾಲಿಗೂ ಅಷ್ಟೇ ಪ್ರಮಾಣದ ಸೋಪಿನ ನೀರು ಬೆರೆಸಿ ತಿರುಗಿಸಿದರೆ, ಸೋಂಕಿರುವ ಹಾಲು ಲೋಳೆಯಾಗುತ್ತದೆ. ಬಾವು ಕಣ್ಣಿಗೆ ಕಾಣುವ ಮೊದಲೇ ಗೊತ್ತಾಗುತ್ತದೆ. ಕರೆದ ಕೂಡಲೇ ಮುಂದೆ ಮೇವು ಹಾಕಿ ಹಸುವನ್ನು ಅರ್ಧ ಗಂಟೆಯಾದರೂ ಮಲಗದಂತೆ ನಿಲ್ಲಿಸಬೇಕು, ಮೊಲೆಯ ತೂತು ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು.

ಕೋಳಿ ಫಾರಂನವರ ಜೊತೆ ಮಾತು ಬೇರೆ. ಕೊಲಿಸ್ಟಿನ್ ಎಂಬ ಔಷಧಿಯನ್ನು ಕೋಳಿ, ಜಾನುವಾರುಗಳಿಗೂ ಅವುಗಳ ಆಹಾರಕ್ಕೂ ಬಳಸಬಾರದೆಂದು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಬೇರಾವ ಔಷಧಿಗೂ ಬಗ್ಗದ ಸೋಂಕು ಬಂದಾಗ ಆಸ್ಪತ್ರೆಯವರು ಕೊನೆಗೆ ಕೈ ಹಾಕುವ ಔಷಧಿ ಅದು. ಫೀಡ್ ಚೀಲ ತರಿಸಿ, ಚೀಟಿಯಲ್ಲಿ ಏನೇನಿದೆ ಎಂದು ಅವರ ಕೈಯಲ್ಲೇ ಓದಿಸುತ್ತೇನೆ. ಓದಿದ ಮೇಲೆ ಪ್ರಶ್ನೆಗಳು ಅವರಿಂದಲೇ ಬರುತ್ತವೆ.