ಶೆಕೆಲ್ ನಾಣ್ಯ, ಹಾಲು ಹಾಕಿದ ಕಾಫಿ ಮತ್ತು ಎರಡು ತಿಂಗಳ ಪಟ್ಟಿ

ಹುಬ್ಬಳ್ಳಿ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಬೆನೆ ಇಸ್ರೇಲ್ (ಭಾರತದ ಯೆಹೂದಿ) ಹುಡುಗಿ ನಾನು. ಜೆರುಸಲೇಮಿನಲ್ಲಿ ಯೋಎತ್ಸೆತ್ ಆಗಿದ್ದೀನಿ, ಅಂದರೆ ಯೆಹೂದಿಗಳ ಮುಟ್ಟಿನ ಶುದ್ಧಿಯ ನಿಯಮಗಳಲ್ಲಿ ಹೆಂಗಸರಿಗೆ ಸಲಹೆ ಕೊಡ್ತೀನಿ ಅಂದಾಗ ಊರಿನ ಗೆಳತಿ ಕೇಳಿದ್ದು ಒಂದೇ: "ಅಲ್ಲೂ ಹೊರಗ ಕೂಡಸ್ತಾರೇನ?" ಇಲ್ಲ ಮಾರಾಯ್ತಿ. ಅಡುಗೆ, ಪ್ರಾರ್ಥನೆ ಎಲ್ಲಾ ನಡೆಯುತ್ತೆ. ಮುಟ್ಟು ನಿಂತು, ಏಳು ಶುದ್ಧ ದಿನ ಕಳೆದು, ಮಿಕ್ವೆಯಲ್ಲಿ (ಶುದ್ಧಿಯ ಸ್ನಾನದ ಕೊಳ) ಮುಳುಗುವವರೆಗೆ ಗಂಡ ಹೆಂಡತಿ ಪರಸ್ಪರ ಮುಟ್ಟುವಂತಿಲ್ಲ, ಅಷ್ಟೇ.

ಖಾನಾ ಹೆಂಕಿನ್ ಕಟ್ಟಿದ ನಿಷ್ಮತ್ ಎಂಬ ಹೆಂಗಸರ ಧರ್ಮಶಾಸ್ತ್ರ ಶಾಲೆಯಲ್ಲಿ ಈ ಕೋರ್ಸು 1997ರಲ್ಲಿ ಶುರುವಾಯ್ತು. ಎರಡು ವರ್ಷ, ಸಾವಿರ ಗಂಟೆಗೂ ಮಿಕ್ಕಿದ ಓದು, ಕೊನೆಗೆ ನಾಲ್ವರು ರಬ್ಬಿಗಳ (ಯೆಹೂದಿ ಧರ್ಮಗುರುಗಳ) ಮುಂದೆ ಪರೀಕ್ಷೆ. ಕ್ಲಿನಿಕ್ಕಿನ ಕೆಲಸ ಬಿಟ್ಟು ಓದಿದೆ. ಕೂಡಿಟ್ಟಿದ್ದ ಮೂವತ್ತು ಸಾವಿರ ಶೆಕೆಲ್ ಹೆಚ್ಚುಕಮ್ಮಿ ಕರಗಿತು. ಆಮೇಲೆ ಸಲಹೆ ಕೊಡೋಕೆ ಫೋನ್ ಹಿಡಿದು ಕೂತರೆ ಬರುತ್ತಿದ್ದದ್ದು ಮನೆ ಬಾಡಿಗೆಯ ಕಾಲು ಭಾಗ. ನಮ್ಮ ಬೀದಿಯ ಮಿಕ್ವೆ ನೋಡಿಕೊಳ್ಳುವ ಅಜ್ಜಿಯಂತೂ, "ಕಲೆಯಾದ ಬಟ್ಟೆ ಗಂಡನ ಕೈಲಿ ರಬ್ಬಿಗೆ ಹೋಗಬೇಕು, ಅದು ಮುಟ್ಟೋ ಅಲ್ಲವೋ ಅಂತ ಅವರು ಹೇಳಬೇಕು, ನೀನ್ಯಾಕೆ ನಡುವೆ?" ಅಂತ ಮುಖ ತಿರುಗಿಸಿದಳು. ಆ ಬಟ್ಟೆ ಕಳಿಸೋಕೆ ನಾಚಿಯೇ ಎಷ್ಟು ಜನ ವಾರಗಟ್ಟಲೆ ಸುಮ್ಮನೆ ದೂರ ಮಲಗಿದ್ದರೋ, ಅಜ್ಜಿಗೆ ಗೊತ್ತಿರಲಿಲ್ಲ.

ಮೊದಲ ತಿಂಗಳು ನಾನೂ ಎಡವಿದೆ. ಪುಸ್ತಕದ ಉತ್ತರ ಒಪ್ಪಿಸುತ್ತಿದ್ದೆ. ಆ ಕಡೆಯಿಂದ ಒಬ್ಬಳು ಅಳುತ್ತಾ ಫೋನ್ ಇಟ್ಟಳು. ವಾಟ್ಸಾಪಿನಲ್ಲಿ ಕಲೆಯ ಫೋಟೋ ತರಿಸಿ ನೋಡೋಣ ಅಂತಲೂ ಪ್ರಯತ್ನಿಸಿದೆ. ಒಂದೇ ಬಟ್ಟೆ ಟ್ಯೂಬ್‌ಲೈಟಿನಲ್ಲಿ ಹಳದಿ, ಫ್ಲ್ಯಾಶಿನಲ್ಲಿ ಕೆಂಪು, ಬೇರೆ ಫೋನಿನಲ್ಲಿ ಮತ್ತೇನೋ. ಟೀ, ಡಿಕಾಕ್ಷನ್ ಅದ್ದಿ ಹದಿನೈದು ತುಂಡು ಮಾದರಿ ಮಾಡಿ ಅದರ ಜೊತೆ ಹೋಲಿಸಿಯೂ ನೋಡಿದೆ. ಗಂಡ ನಕ್ಕ, ಅಡುಗೆಮನೆ ಹಾಳಾಯ್ತು, ಫಲ ಸೊನ್ನೆ. ಒಣಗಿದ ಬಟ್ಟೆ, ಹಗಲು ಬೆಳಕು, ಬರಿಗಣ್ಣು, ನನ್ನ ಮಟ್ಟಿಗೆ ಇದಕ್ಕೆ ಬದಲಿ ಇಲ್ಲ.

ಫಲ ಕೊಟ್ಟಿದ್ದು ಪಟ್ಟಿ. ಎರಡು ತಿಂಗಳು ಬರೆಯಿರಿ ಅಂತೀನಿ: ಯಾವ ದಿನ, ಎಲ್ಲಿ ಕಂಡಿತು, ಬಣ್ಣ, ಅಳತೆ. ಒಳಬಟ್ಟೆಯ ಕಲೆ ಗ್ರಿಸ್ ಎಂಬ ಶಾಸ್ತ್ರದ ಅಳತೆಗಿಂತ ದೊಡ್ಡದಿದ್ದರೆ ಮಾತ್ರ ಲೆಕ್ಕ. ಅದು ಸುಮಾರು 19 ಮಿ.ಮೀ. ಅಗಲ, ಒಂದು ಶೆಕೆಲ್ ನಾಣ್ಯ 18. ನಾಣ್ಯ ಇಟ್ಟಾಗ ಕಲೆ ಮರೆಯಾದರೆ ನಿಶ್ಚಿಂತೆ. ಬಣ್ಣದ ಬಟ್ಟೆ ಮೇಲಿನ ಕಲೆಗೆ ಲೆಕ್ಕವೇ ಇಲ್ಲ. ಒಳಗೆ ಪರೀಕ್ಷಿಸಿದ ಬೆದಿಕಾ ಬಟ್ಟೆಗೆ ಮಾತ್ರ ಈ ರಿಯಾಯಿತಿ ಇಲ್ಲ, ಅಲ್ಲಿ ಹನಿಯೂ ಹನಿಯೇ.

ಮೂರು ವರ್ಷ ಮಕ್ಕಳಿಲ್ಲದ ಒಬ್ಬಳು ಬಂದಳು. ಚಿಕಿತ್ಸೆಗೆ ಇಪ್ಪತ್ತು ಸಾವಿರ ಶೆಕೆಲ್ ಸುರಿದಿದ್ದಳು. ಪಟ್ಟಿ ನೋಡಿದರೆ ಐದನೇ ದಿನಕ್ಕೆ ಮುಟ್ಟು ಮುಗಿದಿತ್ತು, ಕಂದು ಒಸರು ಮಾತ್ರ ಒಂಬತ್ತರವರೆಗೆ. ಪಾಪ, ಕೇಳದೆ ಅದನ್ನೂ ಮುಟ್ಟು ಅಂತಲೇ ಎಣಿಸಿದ್ದಳು. ಅಲ್ಲಿಂದ ಏಳು ಶುದ್ಧ ದಿನ ಕಳೆದು ಮಿಕ್ವೆಗೆ ಹೋಗುವಾಗ ಹದಿನಾರು ದಾಟುತ್ತಿತ್ತು, ಅಂಡ ಬಿಡುಗಡೆ ಹದಿಮೂರರ ಹೊತ್ತಿಗೇ ಮುಗಿದಿರುತ್ತಿತ್ತು. ಬಟ್ಟೆ ತರಿಸಿ ಕಿಟಕಿಯ ಬಳಿ ಹಿಡಿದೆ: ಹಾಲು ಹಾಕಿದ ಕಾಫಿಯ ಬಣ್ಣ, ಕೆಂಪಿನ ಛಾಯೆ ಇಲ್ಲ. ತೀರ್ಪು ನನ್ನದಲ್ಲವಲ್ಲ, ರಬ್ಬಿಯವರಿಗೆ ಒಯ್ದೆ. ಅವರು ಒಪ್ಪಿದರು. ಒಸರು ಕೆಣಕದಂತೆ ಏಳು ದಿನದ ಬೆದಿಕಾಗಳನ್ನೂ ಮೊದಲ ದಿನಕ್ಕೊಂದು, ಕೊನೆಯ ದಿನಕ್ಕೊಂದು ಅಂತ ಇಳಿಸಿದರು. ಹನ್ನೆರಡನೇ ದಿನ ಮುಗಿದ ರಾತ್ರಿಯೇ ಅವಳು ಮುಳುಗಿ ಬಂದಳು. ಅಲ್ಲಿಂದ ನಾಲ್ಕನೇ ತಿಂಗಳಿಗೆ ಬಸುರಿಯಾದಳು.

ಫೋನ್ ಮಾಡುವ ಹೆಂಗಸರು ಮೊದಲ ಸಲ ಬಾಯಿ ಬಿಡೋಕೆ ಮೊದಲು ಏನು ಕೇಳ್ತೀನಿ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ. ಅದು ನನ್ನ ಹೊಟ್ಟೆಪಾಡು.

ಹೋದ ವಾರ ಮಿಕ್ವೆಯ ಅಜ್ಜಿ ತಾನೇ ಫೋನ್ ಮಾಡಿದ್ದಳು. ಸೊಸೆಗೆ ನನ್ನ ನಂಬರ್ ಕೊಡಲೇ ಅಂತ.