ಮಗನ ಬೀಜ (ವೃಷಣ) ತಿರುಚಿಕೊಂಡರೆ ಏನು ಮಾಡಬೇಕು: ನೋವಿನಿಂದ ಆಪರೇಷನ್‌ವರೆಗೆ

ಮೊದಲು ಗಡಿಯಾರ ನೋಡಿ. ನೋವು ಎಷ್ಟು ಹೊತ್ತಿಗೆ ಶುರುವಾಯಿತು ಅಂತ ಮಗನನ್ನು ಕೇಳಿ ಮೊಬೈಲಿನಲ್ಲಿ ಬರೆದುಕೊಳ್ಳಿ. ಆಸ್ಪತ್ರೆಯಲ್ಲಿ ಎಲ್ಲರೂ ಅದನ್ನೇ ಕೇಳುತ್ತಾರೆ. 6 ಗಂಟೆಯೊಳಗೆ ತಿರುಚು ಬಿಡಿಸಿದರೆ ನೂರರಲ್ಲಿ 90ಕ್ಕೂ ಹೆಚ್ಚು ಮಕ್ಕಳಿಗೆ ಬೀಜ ಉಳಿಯುತ್ತದೆ. 12 ಗಂಟೆ ಆಗುವಷ್ಟರಲ್ಲಿ ಆ ಲೆಕ್ಕ ಅರ್ಧದ ಹತ್ತಿರಕ್ಕೆ ಇಳಿದಿರುತ್ತದೆ. 24 ಗಂಟೆ ದಾಟಿದರೆ ಉಳಿಯುವುದು ಅಪರೂಪ.

ಆಗುವುದು ಇಷ್ಟೇ. ಬೀಜ ಒಂದು ಬಳ್ಳಿಗೆ ತೂಗುಬಿದ್ದಿರುತ್ತದೆ, ರಕ್ತನಾಳಗಳೆಲ್ಲ ಆ ಬಳ್ಳಿಯೊಳಗೇ ಇರುತ್ತವೆ. ಸಾಮಾನ್ಯವಾಗಿ ಬೀಜದ ಹಿಂಬದಿ ಚೀಲದ ಗೋಡೆಗೆ ಅಂಟಿಕೊಂಡಿರುತ್ತದೆ, ಹಾಗಾಗಿ ಸುತ್ತುವುದಿಲ್ಲ. ಕೆಲವು ಹುಡುಗರಿಗೆ ಹುಟ್ಟಿನಿಂದಲೇ ಆ ಹಿಡಿತ ಇರುವುದಿಲ್ಲ, ಗಂಟೆಯ ನಾಲಿಗೆ ಥರ ಒಳಗೆ ಸಡಿಲವಾಗಿ ಓಲಾಡುತ್ತಿರುತ್ತದೆ. ಯಾವತ್ತೋ ಒಂದು ದಿನ ಸುತ್ತಿಕೊಂಡುಬಿಡುತ್ತದೆ. ಮೊದಲು ರಕ್ತ ವಾಪಸ್ ಹೋಗುವ ದಾರಿ ಕಟ್ಟಿ ಬೀಜ ಊದುತ್ತದೆ, ಆಮೇಲೆ ಒಳಗೆ ಬರುವ ರಕ್ತವೂ ನಿಲ್ಲುತ್ತದೆ. ಏಟು ಬಿದ್ದೇ ಆಗಬೇಕು ಅಂತೇನಿಲ್ಲ, ನಿದ್ದೆಯಲ್ಲೂ ಆಗುತ್ತದೆ. 12ರಿಂದ 18 ವರ್ಷದವರಲ್ಲಿ ಜಾಸ್ತಿ.

ಕಷ್ಟ ಏನೆಂದರೆ ಈ ವಯಸ್ಸಿನ ಹುಡುಗರು ಬಾಯಿ ಬಿಡುವುದಿಲ್ಲ. ನಡುರಾತ್ರಿ ಎದ್ದು, ಮೊಣಕಾಲು ಎದೆಗೆ ಒತ್ತಿಕೊಂಡು, ಎರಡು ಸಲ ವಾಂತಿ ಮಾಡಿ, ಕೇಳಿದರೆ "ಹೊಟ್ಟೆ ನೋವು" ಅನ್ನುತ್ತಾನೆ. ಅದು ಪೂರ್ತಿ ಸುಳ್ಳೂ ಅಲ್ಲ, ಈ ನೋವು ಕಿಬ್ಬೊಟ್ಟೆಗೆ ಏರುತ್ತದೆ. ಮನೆಯವರು ಗ್ಯಾಸ್ ಇರಬೇಕು ಅಂತ ಮಾತ್ರೆ ಕೊಟ್ಟು ಮಲಗಿಸುತ್ತಾರೆ. ಅಲ್ಲೇ ನಾಲ್ಕು ಗಂಟೆ ಹೋಯಿತು. ಹುಡುಗನಿಗೆ ಕೆಳಹೊಟ್ಟೆ ನೋವು ಬಂದರೆ ನಾಚಿಕೆ ಪಕ್ಕಕ್ಕಿಡಿ. "ಕೆಳಗಡೆನೂ ನೋಯ್ತಿದೆಯೇನೋ?" ಅಂತ ನೇರವಾಗಿ ಕೇಳಿ, ಚಡ್ಡಿ ಇಳಿಸಿ ನೋಡಿ. ಒಂದು ಬೀಜ ಇನ್ನೊಂದಕ್ಕಿಂತ ಮೇಲಕ್ಕೆ ಹೋಗಿ ಅಡ್ಡಡ್ಡ ಕೂತಿದ್ದರೆ, ಊದಿ ಗಟ್ಟಿಯಾಗಿದ್ದರೆ, ತಕ್ಷಣ ಹೊರಡಿ. ನೋಡುವುದಕ್ಕೆ ಏನೂ ಕಾಣದಿದ್ದರೂ ನೋವು ಜೋರಾಗಿದ್ದರೆ ಹೊರಡಿ.

ಬೆಳಗಾಗಲಿ ಅಂತ ಕಾಯಬೇಡಿ. ಕಾವು ಕೊಡಬೇಡಿ. ಯೂಟ್ಯೂಬ್ ನೋಡಿ ನೀವೇ ತಿರುಗಿಸಲು ಹೋಗಬೇಡಿ. ಊಟ, ನೀರು ಕೊಡಬೇಡಿ, ಅರಿವಳಿಕೆ ಕೊಡಬೇಕಾಗುತ್ತದೆ. ಆಗಲೇ ತಿಂದಿದ್ದರೆ ಗಾಬರಿ ಬೇಡ, ಯಾವಾಗ ತಿಂದ ಅಂತ ಹೇಳಿದರೆ ಸಾಕು. ಹೋಗುವ ದಾರಿಯಲ್ಲೇ ಫೋನ್ ಮಾಡಿ "ಈ ರಾತ್ರಿ ಮಕ್ಕಳ ಸರ್ಜನ್ ಅಥವಾ ಯೂರಾಲಜಿಸ್ಟ್ ಸಿಗುತ್ತಾರಾ?" ಅಂತ ಕೇಳಿ. ಸರ್ಜನ್ ಇಲ್ಲದ ಆಸ್ಪತ್ರೆಗೆ ಹೋಗಿ ಅಲ್ಲಿಂದ ಇನ್ನೊಂದಕ್ಕೆ ಅಲೆಯುವುದರಲ್ಲೇ ಎಷ್ಟೋ ಬೀಜ ಹೋಗುತ್ತವೆ.

ಡಾಕ್ಟರು ತೊಡೆಯ ಒಳಬದಿ ಮೆಲ್ಲಗೆ ಗೀರುತ್ತಾರೆ. ಸರಿಯಿದ್ದರೆ ಆ ಕಡೆಯ ಬೀಜ ಸರ್ರನೆ ಮೇಲಕ್ಕೆ ಏರುತ್ತದೆ, ತಿರುಚಿಕೊಂಡಿದ್ದರೆ ಸಾಮಾನ್ಯವಾಗಿ ಅಲ್ಲಾಡುವುದಿಲ್ಲ. ಅನುಮಾನ ಇದ್ದರೆ ಡಾಪ್ಲರ್ ಸ್ಕ್ಯಾನ್ ಮಾಡಿ ರಕ್ತ ಹರಿಯುತ್ತಿದೆಯಾ ನೋಡುತ್ತಾರೆ. ಎಲ್ಲ ಲಕ್ಷಣವೂ ಸ್ಪಷ್ಟವಾಗಿದ್ದರೆ ಸ್ಕ್ಯಾನ್ ಬಿಟ್ಟು ನೇರ ಆಪರೇಷನ್ ಥಿಯೇಟರಿಗೆ ಕರೆದೊಯ್ಯುವುದೇ ಸರಿ, "ಸ್ಕ್ಯಾನೇ ಮಾಡಿಲ್ಲ" ಅಂತ ಅಲ್ಲಿ ಜಗಳ ತೆಗೆಯಬೇಡಿ. ಥಿಯೇಟರ್ ಸಿದ್ಧವಾಗಲು ತಡವಾದರೆ ಕೆಲವರು ಕೈಯಿಂದಲೇ ಬೀಜವನ್ನು ಹೊರಮುಖವಾಗಿ, ಪುಸ್ತಕ ತೆರೆದ ಹಾಗೆ, ತಿರುಗಿಸಿ ನೋಡುತ್ತಾರೆ. ಸುಮಾರು ಮೂರರಲ್ಲಿ ಒಂದು ಉಲ್ಟಾ ಸುತ್ತಿರುತ್ತದೆ, ಹಾಗಾಗಿ ನೋವು ಹೆಚ್ಚಾದರೆ ನಿಲ್ಲಿಸುತ್ತಾರೆ. ನೋವು ಥಟ್ಟನೆ ಇಳಿದರೂ ಆಪರೇಷನ್ ತಪ್ಪಿದ್ದಲ್ಲ.

ಬೀಜದ ಪಕ್ಕದಲ್ಲಿರುವ ಪುಟ್ಟ ಕುಡಿಯೊಂದು ತಿರುಚಿಕೊಂಡರೂ ಇಂಥದ್ದೇ ನೋವು ಬರುತ್ತದೆ. ಅದು ವಿಶ್ರಾಂತಿ, ನೋವಿನ ಮಾತ್ರೆಯಲ್ಲೇ ವಾಸಿಯಾಗುತ್ತದೆ. ಆದರೆ ಯಾವುದು ಅಂತ ತೀರ್ಮಾನಿಸುವುದು ಮನೆಯಲ್ಲಲ್ಲ.

ಒಪ್ಪಿಗೆ ಪತ್ರದಲ್ಲಿ ಮೂರು ಮಾತು ಇರುತ್ತವೆ: ತಿರುಚು ಬಿಡಿಸುವುದು, ಬೀಜ ಸತ್ತಿದ್ದರೆ ತೆಗೆಯುವುದು, ಎರಡನೆಯದನ್ನೂ ಹೊಲಿದು ಕೂರಿಸುವುದು. ಮೂರನೆಯದು ಓದಿ ಎಷ್ಟೋ ಜನ ಪೆನ್ ಕೆಳಗಿಡುತ್ತಾರೆ. "ಆ ಕಡೆದು ಚೆನ್ನಾಗೇ ಇದೆಯಲ್ಲ, ಅದನ್ನ ಯಾಕೆ ಮುಟ್ಟಬೇಕು?" ಆ ಸಡಿಲ ಹೆಚ್ಚಾಗಿ ಎರಡೂ ಕಡೆ ಇರುತ್ತದೆ, ಅದಕ್ಕೆ. ಇವತ್ತು ಒಂದು ಹೋದರೆ ನಾಳೆಗೆ ಉಳಿಯುವುದು ಆ ಇನ್ನೊಂದೇ ಅಲ್ವಾ? ಸಹಿ ಹಾಕಿ.

ಆಪರೇಷನ್ ದೊಡ್ಡದೇನಲ್ಲ. ಪೂರ್ತಿ ಅರಿವಳಿಕೆ ಕೊಟ್ಟು, ಚೀಲದ ಚರ್ಮದಲ್ಲಿ ಸಣ್ಣ ಗಾಯ ಮಾಡಿ, ಬೀಜ ಹೊರತೆಗೆಯುತ್ತಾರೆ. ಅದು ಕಡುನೀಲಿ, ಒಮ್ಮೊಮ್ಮೆ ನೇರಳೆ ಹಣ್ಣಿನಷ್ಟು ಕಪ್ಪು, ಮೇಲೆ ಹಗ್ಗದ ಹಾಗೆ ಹುರಿಗೊಂಡ ಬಳ್ಳಿ. ಎಷ್ಟು ಸುತ್ತಿದೆ ಅಂತ ಎಣಿಸಿ ಬಿಡಿಸುತ್ತಾರೆ, ಒಂದು ಸುತ್ತೋ ಎರಡೋ. ಬೆಚ್ಚಗಿನ ಸಲೈನಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಕಾಯುತ್ತಾರೆ. ಹತ್ತು ನಿಮಿಷ ಅಂದುಕೊಳ್ಳಿ. ಆ ಹೊತ್ತಿನಲ್ಲಿ ಇನ್ನೊಂದು ಕಡೆಯದನ್ನು ಹೊಲಿಯುವ ಸರ್ಜನ್‌ಗಳೂ ಇದ್ದಾರೆ, ಸುಮ್ನೆ ನಿಂತು ನೋಡುವುದಕ್ಕಿಂತ ಅದೇ ವಾಸಿ. ಬಟ್ಟೆ ತೆಗೆದಾಗ ಅಂಚಿನಿಂದ ಗುಲಾಬಿ ಬಣ್ಣ ಹರಡುತ್ತಿದ್ದರೆ ಉಳಿದಂತೆ. ಅನುಮಾನ ಇದ್ದರೆ ಬೀಜದ ಹೊದಿಕೆಯನ್ನು ತುಸು ಕೊಯ್ದು ಕೆಂಪು ರಕ್ತ ಒಸರುತ್ತದಾ ನೋಡುತ್ತಾರೆ. ಉಳಿದಿದ್ದರೆ ಮತ್ತೆ ಸುತ್ತದ ಹಾಗೆ ಸಾಮಾನ್ಯವಾಗಿ ಕರಗದ ದಾರದಿಂದ ಎರಡು ಮೂರು ಕಡೆ ಹೊಲಿದು ಗೋಡೆಗೆ ಕೂರಿಸುತ್ತಾರೆ. ಕೆಲವರು ಚರ್ಮದ ಕೆಳಗೆ ಜೇಬಿನಂಥದ್ದು ಮಾಡಿ ಅದರಲ್ಲಿ ಇಡುತ್ತಾರೆ. ಕಪ್ಪಾಗಿಯೇ ಉಳಿದರೆ ತೆಗೆಯುತ್ತಾರೆ. ಇನ್ನೊಂದು ಬೀಜ ಚೆನ್ನಾಗಿದ್ದರೆ ಹುಡುಗ ಬೆಳೆಯುವುದಕ್ಕೆ, ಗಡ್ಡ ಮೀಸೆ ಬರುವುದಕ್ಕೆ, ಮುಂದೆ ಮಕ್ಕಳಾಗುವುದಕ್ಕೆ ಸಾಮಾನ್ಯವಾಗಿ ಅದೊಂದೇ ಸಾಕು. ಖಾಲಿ ಕಾಣುತ್ತದೆ ಅಂತ ಅವನಿಗೆ ಬೇಜಾರಾದರೆ ದೊಡ್ಡವನಾದ ಮೇಲೆ ಸಿಲಿಕೋನಿನದ್ದು ಇಡಿಸಬಹುದು.

ಅದೇ ದಿನ ಅಥವಾ ಮಾರನೇ ದಿನ ಮನೆಗೆ ಕಳಿಸುತ್ತಾರೆ. ಚರ್ಮದ ಹೊಲಿಗೆ ಸಾಮಾನ್ಯವಾಗಿ ತಾನೇ ಕರಗುತ್ತದೆ. ಬಿಗಿಯಾದ ಒಳಚಡ್ಡಿ ಹಾಕಿಸಿ, ನೋವಿನ ಔಷಧಿ ಹೊತ್ತಿಗೆ ಸರಿಯಾಗಿ ಕೊಡಿ. ಕೆಲವು ವಾರ ಓಟ, ಸೈಕಲ್, ಫುಟ್‌ಬಾಲ್ ಬೇಡ. ಸ್ವಲ್ಪ ಊತ, ಕಂದು ಬಣ್ಣ ಮಾಮೂಲಿ. ಜ್ವರ, ಕೀವು, ದಿನೇ ದಿನೇ ಜಾಸ್ತಿಯಾಗುವ ಊತ ಮಾಮೂಲಿ ಅಲ್ಲ, ತೋರಿಸಿ. ಕೆಲವು ತಿಂಗಳು ಬಿಟ್ಟು ಬೀಜದ ಗಾತ್ರ ನೋಡಿಸುವುದನ್ನು ಮರೆಯಬೇಡಿ, ಉಳಿಸಿದ ಬೀಜ ನಿಧಾನವಾಗಿ ಕುಗ್ಗುವುದೂ ಉಂಟು.

ಹೊಲಿದು ಕೂರಿಸಿದ ಬೀಜ ಮತ್ತೆ ತಿರುಚಿಕೊಳ್ಳುವುದು ತೀರಾ ಅಪರೂಪ, ಆದರೆ ಆಗಿದ್ದುಂಟು. ಅಂಥದ್ದೇ ನೋವು ಮತ್ತೆ ಬಂದರೆ "ಆಪರೇಷನ್ ಆಗಿದೆಯಲ್ಲ" ಅಂತ ಕೂರಬೇಡಿ, ಹಳೇ ಡಿಸ್ಚಾರ್ಜ್ ಕಾಗದ ಕೈಯಲ್ಲಿ ಹಿಡಿದು ಹೊರಡಿ.