ನೆಲದಲ್ಲಿ ಹಕ್ಕಿ ಮರಿ ಸಿಕ್ಕಾಗ: ನನ್ನ ಅನುಭವ

ಯುಗಾದಿ ಕಳೆಯುತ್ತಿದ್ದಂತೆ ನನ್ನ ಫೋನಿಗೆ ಹಕ್ಕಿ ಮರಿಗಳ ಫೋಟೊ ಬರಲು ಶುರುವಾಗುತ್ತದೆ. ಅಂಗೈ ಮೇಲೊಂದು ಮರಿ, ಚಪ್ಪಲಿ ಡಬ್ಬಿಯಲ್ಲೊಂದು ಮರಿ, ಪಕ್ಕದಲ್ಲಿ ಪುಟ್ಟ ಬಟ್ಟಲಲ್ಲಿ ಹಾಲು. "ಅಕ್ಕಾ, ತಾಯಿ ಬಿಟ್ಟು ಹೋಗ್ಬಿಟ್ಟಿದೆ, ಏನ್ ಮಾಡ್ಲಿ?" ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಬೀದಿಯವರು ಮಾತ್ರ ಹೀಗೆ ಕೇಳುತ್ತಿದ್ದ ಕಾಲವಿತ್ತು. ಈಗ ಗುರುತಿಲ್ಲದವರೂ ಕೇಳುತ್ತಾರೆ. ನಾನು ಪಶುವೈದ್ಯೆ ಅಲ್ಲ. ಕಾಡುಪ್ರಾಣಿಗಳ ಚಿಕಿತ್ಸಾ ಕೇಂದ್ರದಲ್ಲಿ ಸ್ವಯಂಸೇವಕಿಯಾಗಿದ್ದಾಗ ಕಲಿತದ್ದು, ಆಮೇಲೆ ಪ್ರತಿ ಬೇಸಿಗೆ ಗಿಡಗಳ ಸಂದಿಯಲ್ಲಿ ಕಾದು ಕೂತು ನೋಡಿದ್ದು, ಇಷ್ಟೇ ನನ್ನ ಬಂಡವಾಳ.

ಈ ಕೆಲಸದಲ್ಲಿ ನನಗೆ ಗಟ್ಟಿಯಾಗಿ ಮನದಟ್ಟಾಗಿರುವುದು ಒಂದೇ. ಹೀಗೆ ಸಿಗುವ ಮರಿಗಳಲ್ಲಿ ಹೆಚ್ಚಿನವು ಅನಾಥವಲ್ಲ. ಅಪ್ಪ ಅಮ್ಮ ಅಲ್ಲೇ ಹತ್ತಿರದ ಕೊಂಬೆಯಲ್ಲಿ ಇರುತ್ತವೆ. ನಾವು ಅಲ್ಲಿಂದ ಎದ್ದು ಹೋಗಲಿ ಅಂತ ಕಾಯುತ್ತಿರುತ್ತವೆ.

ಫೋನ್ ಬಂದಾಗ ನಾನು ಮೊದಲು ಕೇಳುವುದು ಮರಿಯ ಮೈ ಬಗ್ಗೆ. ಪುಕ್ಕ ಬಂದಿದೆಯಾ, ಚರ್ಮ ಕಾಣ್ತಿದೆಯಾ? ಬೆರಳು ಕೊಟ್ಟರೆ ಹಿಡಿದು ಕೂರುತ್ತದೆಯಾ? ಮೈ ತುಂಬ ಪುಕ್ಕ ಇದ್ದು, ಬಾಲ ಮಾತ್ರ ಮೊಂಡಾಗಿದ್ದು, ಕೊಕ್ಕಿನ ಎರಡೂ ಮೂಲೆಯಲ್ಲಿ ಹಳದಿ ಅಂಚು ಉಳಿದಿದ್ದು, ಬೆರಳನ್ನು ಗಟ್ಟಿಯಾಗಿ ಹಿಡಿದರೆ ಅದು ಗೂಡು ಬಿಡುವ ವಯಸ್ಸಿನ ಮರಿ. ಅದು ಬಿದ್ದದ್ದಲ್ಲ, ತಾನಾಗೇ ಹಾರಿ ಇಳಿದದ್ದು. ಪಿಕಳಾರದ (ಬುಲ್‌ಬುಲ್ ಹಕ್ಕಿಯ) ಮರಿಗಳು ಮೊಟ್ಟೆಯೊಡೆದು ಬಂದ ಹನ್ನೆರಡು ದಿನದ ಆಸುಪಾಸಿನಲ್ಲೇ ಗೂಡು ಬಿಡುತ್ತವೆ. ಆಗ ಅವಕ್ಕೆ ಸರಿಯಾಗಿ ಹಾರಲು ಬಂದಿರುವುದಿಲ್ಲ. ಮುಂದಿನ ಕೆಲವು ದಿನ ನೆಲದಲ್ಲಿ, ಬೇಲಿಯಲ್ಲಿ, ಕುಂಡಗಳ ಹಿಂದೆ ಕುಪ್ಪಳಿಸಿಕೊಂಡೇ ಇರುತ್ತವೆ. ಅಪ್ಪ ಅಮ್ಮ ಅಲ್ಲಿಗೇ ಬಂದು ತುತ್ತು ಕೊಡುತ್ತವೆ. ಗೊರವಂಕ, ಮಡಿವಾಳ, ಟುವ್ವಿ ಹಕ್ಕಿಗಳೂ ಬಹುಮಟ್ಟಿಗೆ ಹೀಗೇ. ಈ ಕೆಲವು ದಿನಗಳಲ್ಲೇ ಮರಿ ಹುಳ ಹಿಡಿಯುವುದು, ಹದ್ದು ಕಂಡರೆ ಅಡಗುವುದು, ಎಲ್ಲವನ್ನೂ ಕಲಿಯಬೇಕು. ಆ ಪಾಠವನ್ನು ನಾವು ಹೇಳಿಕೊಡಲು ಆಗುವುದಿಲ್ಲ.

ಇಂಥ ಮರಿಗೆ ನಾನು ಮಾಡುವುದು ತುಂಬ ಕಡಿಮೆ. ರಸ್ತೆಯಲ್ಲಿದ್ದರೆ, ಗೇಟಿನ ಬಾಯಲ್ಲಿದ್ದರೆ, ಎತ್ತಿ ಹತ್ತಿರದ ದಟ್ಟ ಗಿಡದೊಳಗೆ ಕೂರಿಸುತ್ತೇನೆ. ದೂರ ಒಯ್ಯುವುದಿಲ್ಲ. ಅದರ ದನಿ ಅಪ್ಪ ಅಮ್ಮನಿಗೆ ಕೇಳಬೇಕು, ಅವುಗಳ ದನಿ ಅದಕ್ಕೆ ಕೇಳಬೇಕು. ಆಮೇಲೆ ಕಿಟಕಿಯ ಹಿಂದೆ ನಿಂತು ನೋಡುತ್ತೇನೆ. ಇಲ್ಲಿ ಜನರಿಗೆ ತಾಳ್ಮೆ ಕಷ್ಟ. ಮರಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಗುಂಪಾಗಿ ನಿಂತು, "ನೋಡಿ ಅಕ್ಕಾ, ಅರ್ಧ ಗಂಟೆ ಆಯ್ತು, ಯಾರೂ ಬರಲೇ ಇಲ್ಲ" ಅನ್ನುತ್ತಾರೆ. ನಾವು ನಿಂತಿದ್ದರೆ ಅವು ಬರುವುದಾದರೂ ಹೇಗೆ? ಮೇಲಿನ ತಂತಿಯ ಮೇಲೊಂದು ಪಿಕಳಾರ ಕೊಕ್ಕಿನಲ್ಲಿ ಹುಳ ಹಿಡಿದು, ನುಂಗದೆ, ಅತ್ತಿತ್ತ ಹಾರುತ್ತಾ ಕೂಗುತ್ತಿದೆ ಅಂದರೆ ಅದೇ ಈ ಮರಿಯ ತಂದೆಯೋ ತಾಯಿಯೋ. ಕೊಕ್ಕಿನಲ್ಲಿರುವ ಆ ಹುಳವನ್ನು ನಾನು ಎಲ್ಲರಿಗೂ ಬೆರಳು ಮಾಡಿ ತೋರಿಸುತ್ತೇನೆ. ಅದನ್ನು ಕಂಡ ಮೇಲೆ ಯಾರಿಗೂ ಹೆಚ್ಚು ಹೇಳಬೇಕಾಗುವುದಿಲ್ಲ. ಮಕ್ಕಳಂತೂ ತಾವೇ ದೊಡ್ಡವರನ್ನು ಒಳಗೆ ಕಳಿಸುತ್ತವೆ.

ಬೆಕ್ಕು ನಿಜವಾದ ತೊಂದರೆ. ನಮ್ಮ ಬೀದಿಯಲ್ಲಿ ಬೆಕ್ಕು ಸಾಕಿರುವ ಮನೆಗಳಿಗೆ ಹೋಗಿ, "ಎರಡು ಮೂರು ದಿನ ಒಳಗೆ ಇಟ್ಕೊಳ್ಳಿ, ಮರಿ ಹಾರೋದ ಕಲಿಯಲಿ" ಅಂತ ಕೇಳಿಕೊಳ್ಳುತ್ತೇನೆ. ಬಹಳ ಜನ ಒಪ್ಪುತ್ತಾರೆ. ಆದರೆ ಬೆಕ್ಕು ಒಮ್ಮೆ ಬಾಯಿ ಹಾಕಿದ ಮರಿಯನ್ನು ಮಾತ್ರ ಕಾದು ನೋಡಬಾರದು. ಮೇಲೆ ಗಾಯ ಕಾಣದೇ ಇರಬಹುದು. ಪುಕ್ಕದಡಿ ಸೂಜಿಮೊನೆಯಷ್ಟು ತೂತು ಇದ್ದರೂ ಬೆಕ್ಕಿನ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಮರಿಯನ್ನು ಕೊಲ್ಲುತ್ತದೆ. ಅದಕ್ಕೆ ಆಂಟಿಬಯೋಟಿಕ್ ಬೇಕು, ಅದೂ ಬೇಗ. ಹಾಗಾಗಿ ಬೆಕ್ಕು ಹಿಡಿದ ಮರಿ ಚುರುಕಾಗಿ ಕಂಡರೂ ನೇರ ವೈದ್ಯರ ಹತ್ತಿರ.

ಇನ್ನು ಪುಕ್ಕವಿಲ್ಲದ ಮರಿ. ಗುಲಾಬಿ ಬಣ್ಣದ ಚರ್ಮ, ಮುಚ್ಚಿದ ಕಣ್ಣು, ಅಲ್ಲಲ್ಲಿ ಮುಳ್ಳಿನಂತೆ ಪುಕ್ಕದ ಕುಡಿ. ಇದು ನಿಜವಾಗಿಯೂ ಬಿದ್ದ ಮರಿ, ಗೂಡಿಗೇ ವಾಪಸ್ ಹೋಗಬೇಕು. "ಮುಟ್ಟಿದ್ರೆ ತಾಯಿ ಸೇರಿಸಲ್ಲ ಅಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ನನ್ನ ಅಜ್ಜಿಯೂ ಹಾಗೇ ಹೇಳುತ್ತಿದ್ದರು. ಇದು ಸರಿಯಲ್ಲ. ಹಕ್ಕಿ ತನ್ನ ಮರಿಯನ್ನು ಗುರುತಿಸುವುದು ಹೆಚ್ಚಾಗಿ ದನಿಯಿಂದ, ನೋಟದಿಂದ, ಗೂಡಿರುವ ಜಾಗದಿಂದ. ನಮ್ಮ ಕೈವಾಸನೆಗೆ ಹೆದರಿ ಅದು ಮರಿ ಬಿಡುವುದಿಲ್ಲ. ನಾನು ಕೈಯಾರೆ ಗೂಡಿಗಿಟ್ಟ ಮರಿಗಳಿಗೆ ತಾಯಿ ಬಂದು ಉಣಿಸಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಈ ಒಂದು ನಂಬಿಕೆ ಹೋದರೆ ಎಷ್ಟೋ ಮರಿಗಳು ಉಳಿಯುತ್ತವೆ.

ಆದರೆ ಇಡುವ ಮುಂಚೆ ಒಂದು ಕೆಲಸವಿದೆ. ಮರಿಯ ಮೈ ತಣ್ಣಗಿದ್ದರೆ ಎರಡೂ ಅಂಗೈ ಮಡಿಸಿ ಅದರೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡುತ್ತೇನೆ. ತಣ್ಣಗಿರುವ ಮರಿ ಬಾಯಿ ತೆರೆಯುವುದಿಲ್ಲ, ಬಾಯಿ ತೆರೆಯದ ಮರಿಗೆ ತಾಯಿ ತುತ್ತು ಕೊಡುವುದಿಲ್ಲ. ಇರುವೆ ಹತ್ತಿದ್ದರೆ ಮೆತ್ತನೆ ಬ್ರಶ್ಶಿನಿಂದ ಒಂದೊಂದನ್ನೇ ತೆಗೆಯುತ್ತೇನೆ. ಕಣ್ಣಿನ ಸುತ್ತ, ರೆಕ್ಕೆಯ ಕಂಕುಳಲ್ಲಿ ನೋಡಲೇಬೇಕು. ನೆಲಕ್ಕೆ ಬಿದ್ದ ಮರಿಗೆ ಇರುವೆಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ.

ಗೂಡೇ ಹರಿದು ಬಿದ್ದಿದ್ದರೆ ಹೊಸದು ಕಟ್ಟಬೇಕು. ಏಪ್ರಿಲ್, ಮೇ ತಿಂಗಳ ಗಾಳಿ ಮಳೆ ಮುಗಿದ ಮರುದಿನ ಬೆಳಿಗ್ಗೆ ಈ ಕೆಲಸ ಜಾಸ್ತಿ. ಪಿಕಳಾರದಂಥ ಬಟ್ಟಲು ಗೂಡಿನ ಹಕ್ಕಿಗೆ ನಾನು ತೆಂಗಿನ ಕರಟ ಬಳಸುತ್ತೇನೆ. ಅರ್ಧ ಕರಟದ ತಳಕ್ಕೆ ಮೊಳೆಯಿಂದ ಮೂರು ನಾಲ್ಕು ತೂತು, ಮಳೆ ನೀರು ನಿಲ್ಲಬಾರದು. ಅಂಚಿನಲ್ಲಿ ಎರಡು ತೂತು, ತಂತಿ ಕಟ್ಟಲು. ಒಳಗೆ ಒಣ ಹುಲ್ಲು, ಹಳೇ ಗೂಡಿನ ಚೂರು ಉಳಿದಿದ್ದರೆ ಅದು. ಹತ್ತಿ ಹಾಕುವುದಿಲ್ಲ. ಒದ್ದೆಯಾದರೆ ಅದು ಮೈಗೆ ಅಂಟುತ್ತದೆ, ಎಳೆ ಉಗುರಿಗೆ ಸುತ್ತಿಕೊಳ್ಳುತ್ತದೆ. ಬರೀ ನುಣ್ಣನೆಯ ಕರಟದಲ್ಲೂ ಬಿಡಬಾರದು, ಹಿಡಿತ ಸಿಗದೆ ಮರಿಯ ಕಾಲು ಅಗಲಕ್ಕೆ ಜಾರಿ ಸೊಟ್ಟಗಾಗುತ್ತದೆ. ಹಳೇ ಗೂಡಿದ್ದ ಕೊಂಬೆಗೇ, ಆಗದಿದ್ದರೆ ಅದಕ್ಕೆ ಆದಷ್ಟು ಹತ್ತಿರ, ಅಲುಗಾಡದಂತೆ ಕಟ್ಟುತ್ತೇನೆ. ಮಧ್ಯಾಹ್ನದ ಬಿಸಿಲು ಎಲ್ಲಿಗೆ ಬೀಳುತ್ತದೆ ಅಂತ ಮೊದಲೇ ನೋಡಿಕೊಳ್ಳುತ್ತೇನೆ. ನಮ್ಮ ಬಿಸಿಲಿಗೆ ಬರಿಮೈ ಮರಿ ಸ್ವಲ್ಪ ಹೊತ್ತೂ ತಡೆಯುವುದಿಲ್ಲ.

ಸೂರಕ್ಕಿಯ (ಸನ್‌ಬರ್ಡ್) ಗೂಡು ಬೇರೆ ಥರ. ಜೇಡರ ಬಲೆ, ನಾರು, ತೊಗಟೆ ಚೂರು ಸೇರಿಸಿ ಹೆಣ್ಣು ಹಕ್ಕಿ ಕಟ್ಟುವ ತೂಗು ಚೀಲ ಅದು. ಪೋರ್ಟಿಕೋದ ವೈರಿಗೋ ಬಟ್ಟೆ ಒಣಗಿಸುವ ಹಗ್ಗಕ್ಕೋ ನೇತಾಡುತ್ತಿರುತ್ತದೆ. ಚೀಲ ಹರಿಯದೆ ಕಳಚಿ ಬಿದ್ದಿದ್ದರೆ ನೆತ್ತಿಯ ಭಾಗವನ್ನು ದಾರದಿಂದ ಮತ್ತೆ ಅದೇ ಜಾಗಕ್ಕೆ ಕಟ್ಟುತ್ತೇನೆ. ಬಾಗಿಲು ಮೊದಲು ಯಾವ ದಿಕ್ಕಿಗಿತ್ತೋ ಆ ದಿಕ್ಕಿಗೇ ತಿರುಗಿಸುತ್ತೇನೆ. ಹೀಗೆ ಕಟ್ಟಿದ ಗೂಡಿಗೆ ತಾಯಿ ಮರಳಿ ಬಂದು ಬಾಗಿಲಲ್ಲಿ ನೇತಾಡುತ್ತಾ ಮರಿಗೆ ಉಣಿಸುವುದನ್ನು ನೋಡಿದಾಗ ಆಗುವ ಸಂತೋಷ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಬಾಯಿಗೆ ಏನೂ ಹಾಕಬೇಡಿ ಅಂತ ನಾನು ಹೇಳಿದಾಗ ಜನ ಬೇಜಾರು ಮಾಡಿಕೊಳ್ಳುತ್ತಾರೆ. ಹಸಿದು ಬಾಯಿ ತೆರೆದ ಮರಿಯನ್ನು ನೋಡಿ ಸುಮ್ನಿರುವುದು ಕಷ್ಟವೇ. ಆದರೂ ನೀರು ಹನಿಸಬಾರದು. ಹಕ್ಕಿಯ ಉಸಿರಿನ ಕೊಳವೆಯ ಬಾಯಿ ನಾಲಿಗೆಯ ಬುಡದಲ್ಲೇ ಇದೆ. ಡ್ರಾಪರ್‌ನಿಂದ ಬಿಟ್ಟ ನೀರು ನೇರ ಅದರೊಳಗೆ ಹೋಗಬಹುದು. ಹಾಲು ಯಾವ ಹಕ್ಕಿಗೂ ಜೀರ್ಣವಾಗುವುದಿಲ್ಲ. ಅನ್ನ, ಬ್ರೆಡ್ಡು ಹೊಟ್ಟೆ ತುಂಬಿಸಬಹುದು, ಆದರೆ ಹುಳು ತಿಂದು ಬೆಳೆಯಬೇಕಾದ ಮರಿಗೆ ಅದರಲ್ಲಿ ಬೇಕಾದ ಪ್ರೋಟೀನ್ ಇಲ್ಲ. ಪಾರಿವಾಳದ ಮರಿಗೆ ಹುಳುವೂ ಆಗುವುದಿಲ್ಲ. ಅದು ಮೊದಲ ದಿನಗಳಲ್ಲಿ ಅಪ್ಪ ಅಮ್ಮನ ಗಂಟಲ ಚೀಲದಲ್ಲಿ ಊರುವ ಹಾಲಿನಂಥ ಆಹಾರದಲ್ಲೇ ಬದುಕುತ್ತದೆ. ಯಾವ ಮರಿಗೆ ಏನು ಅನ್ನುವುದು ತಿಳಿದವರ ಕೆಲಸ. ಬೆಳಗಿನಿಂದ ಸಂಜೆವರೆಗೆ ಗಂಟೆಗೆ ಹಲವು ಸಲ ಉಣಿಸಬೇಕಾದ ಕೆಲಸವೂ ಹೌದು.

ಪುಕ್ಕ ನೋಡಿ ತೀರ್ಮಾನಿಸುವ ಲೆಕ್ಕ ಕೆಲವು ಹಕ್ಕಿಗಳಿಗೆ ನಡೆಯುವುದಿಲ್ಲ. ಖಾಲಿ ಸೈಟುಗಳಲ್ಲಿ ಟಿಟ್ಟಿಭ ನೆಲದ ಮೇಲೇ ಮೊಟ್ಟೆಯಿಡುತ್ತದೆ. ಅದರ ಮರಿ ಹುಟ್ಟಿದ ದಿನವೇ ಓಡಾಡುತ್ತದೆ. ಅಪಾಯ ಕಂಡರೆ ನೆಲಕ್ಕಂಟಿ ಅಲ್ಲಾಡದೆ ಮಲಗುತ್ತದೆ. "ಪಾಪ, ಪ್ರಾಣ ಹೋಗ್ತಿದೆ" ಅಂತ ಜನ ಎತ್ತಿಕೊಂಡು ಬಂದುಬಿಡುತ್ತಾರೆ. ತಲೆ ಮೇಲೆ ಅಪ್ಪ ಅಮ್ಮ ಅರಚುತ್ತಾ ಸುತ್ತುತ್ತಿದ್ದರೆ ಮರಿಯನ್ನು ಅಲ್ಲೇ ಬಿಟ್ಟು ಹಿಂದೆ ಸರಿಯಬೇಕು. ಬಾನಾಡಿ, ಅಂದರೆ ಸ್ವಿಫ್ಟ್ ಹಕ್ಕಿಯದು ಇದಕ್ಕೆ ಉಲ್ಟಾ. ಸೇತುವೆ, ಹಳೇ ಕಟ್ಟಡದ ಸೂರಿನಡಿ ಗೂಡು ಕಟ್ಟುವ ಈ ಹಕ್ಕಿಗೆ ನೆಲದ ಬದುಕೇ ಇಲ್ಲ. ಅಪ್ಪ ಅಮ್ಮ ನೆಲಕ್ಕಿಳಿದು ಉಣಿಸುವುದಿಲ್ಲ. ನೆಲದಲ್ಲಿ ಬಾನಾಡಿ ಮರಿ ಸಿಕ್ಕರೆ, ಪುಕ್ಕ ತುಂಬಿದ್ದರೂ, ಸಹಾಯ ಬೇಕೇ ಬೇಕು. ಮೇಲಕ್ಕೆ ಎಸೆದು ಹಾರಿಸಲು ಹೋಗಬಾರದು.

ಕಾಗೆಯೊಂದು ಬೇರೆ ಥರದ ಮರಿಗೆ ತುತ್ತು ಕೊಡುತ್ತಿದ್ದರೆ ಗಾಬರಿ ಬೇಡ. ಅದು ಕೋಗಿಲೆ ಮರಿ. ಕೋಗಿಲೆ ಕಾಗೆಯ ಗೂಡಲ್ಲೇ ಮೊಟ್ಟೆಯಿಡುತ್ತದೆ. ಅದನ್ನು ಸಾಕುವುದು ಕಾಗೆಯೇ. "ಕಾಗೆಯಿಂದ ಬಿಡಿಸಿದೆ" ಅಂತ ಯಾರಾದರೂ ಆ ಮರಿಯನ್ನು ತಂದರೆ ಅದರ ಸಾಕುತಾಯಿಯನ್ನೇ ದೂರ ಮಾಡಿದಂತಾಗುತ್ತದೆ. ಕಾಗೆ ಮರಿ, ಹದ್ದಿನ ಮರಿಯ ಹತ್ತಿರ ಹೋಗುವಾಗ ಅಪ್ಪ ಅಮ್ಮ ತಲೆಗೆ ಎರಗಬಹುದು ಅಂತ ನಾನು ಕೊಡೆ ಹಿಡಿದೇ ಹೋಗುತ್ತೇನೆ. ಗೂಬೆ ಮರಿ ಸಿಕ್ಕರೆ ಮಾತ್ರ ಮರಿಗಿಂತ ಸುತ್ತಲಿನವರನ್ನು ನೋಡಿಕೊಳ್ಳುವುದೇ ಹೆಚ್ಚು. ಅಪಶಕುನ ಅಂತ ಕಲ್ಲು ಹೊಡೆಯುವವರು ಇನ್ನೂ ಇದ್ದಾರೆ. ಇಲಿ ಹಿಡಿಯುವ ಹಕ್ಕಿ ಅದು, ನಮ್ಮ ಬೀದಿಗೆ ಉಪಕಾರಿ ಅಂತ ಸಮಾಧಾನವಾಗಿ ಹೇಳುತ್ತೇನೆ.

ಎರಡು ಗಂಟೆ ಬಿಡದೆ ದೂರದಿಂದ ನೋಡಿದರೂ ಪುಕ್ಕವಿಲ್ಲದ ಮರಿಗೆ ಯಾರೂ ಬರಲಿಲ್ಲ, ಅಥವಾ ಅಪ್ಪ ಅಮ್ಮ ಸತ್ತದ್ದು ಕಣ್ಣಿಗೆ ಬಿತ್ತು, ಅಥವಾ ರೆಕ್ಕೆ ಜೋತುಬಿದ್ದಿದೆ, ರಕ್ತ ಇದೆ, ಅಂದರೆ ಆಗ ಮರಿಯನ್ನು ಎತ್ತಿಕೊಳ್ಳುತ್ತೇನೆ. ತೂತು ಮಾಡಿದ ರಟ್ಟಿನ ಡಬ್ಬಿ, ತಳಕ್ಕೆ ಹಳೇ ಪಂಚೆಯ ತುಂಡು, ಅದರ ಮೇಲೆ ಬಟ್ಟೆಯನ್ನೇ ಸಿಂಬಿಯ ಥರ ಸುತ್ತಿ ಮರಿಗೆ ಆಸರೆ. ಪುಕ್ಕವಿಲ್ಲದ ಮರಿಯಾದರೆ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಡಬ್ಬಿಯ ಒಂದೇ ಬದಿಗೆ ಇಡುತ್ತೇನೆ. ಸೆಕೆಯಾದರೆ ಇನ್ನೊಂದು ಬದಿಗೆ ಜರುಗಲು ಜಾಗ ಇರಬೇಕು. ಮುಚ್ಚಿ, ಸದ್ದಿಲ್ಲದ ಕತ್ತಲೆ ಜಾಗದಲ್ಲಿ ಇಡುವುದು. ಪದೇ ಪದೇ ತೆಗೆದು ನೋಡುವುದಿಲ್ಲ, ಮಕ್ಕಳಿಗೂ ತೋರಿಸುವುದಿಲ್ಲ. ಕತ್ತಲಾದ ಮೇಲೆ ಸಿಕ್ಕ ಮರಿಯನ್ನೂ ರಾತ್ರಿ ಹೀಗೇ ಇಟ್ಟುಕೊಂಡು, ಗಾಯ ಇಲ್ಲದಿದ್ದರೆ, ಬೆಳಕು ಹರಿಯುತ್ತಲೇ ಗೂಡಿಗೆ ಇಟ್ಟು ನೋಡುತ್ತೇನೆ. ಒಂದು ರಾತ್ರಿ ಕಳೆದರೂ ಎಷ್ಟೋ ಸಲ ಅಪ್ಪ ಅಮ್ಮ ಮತ್ತೆ ಉಣಿಸುತ್ತವೆ.

ಆಗದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡುತ್ತೇನೆ, ಇಲ್ಲವೇ ನೇರ ಚಿಕಿತ್ಸಾ ಕೇಂದ್ರಕ್ಕೆ. ಬೆಂಗಳೂರಿನವರು ಕೇಳಿದರೆ ಕೆಂಗೇರಿ ಕಡೆಯ ಪೀಪಲ್ ಫಾರ್ ಅನಿಮಲ್ಸ್ ಆಸ್ಪತ್ರೆ, ಹಕ್ಕಿ ಮತ್ತು ಸರೀಸೃಪಗಳಿಗೆಂದೇ ಇರುವ ಏವಿಯನ್ ಅಂಡ್ ರೆಪ್ಟೈಲ್ ರಿಹ್ಯಾಬಿಲಿಟೇಶನ್ ಸೆಂಟರ್, ಇವೆರಡರ ಹೆಸರು ಹೇಳುತ್ತೇನೆ. ಮನೆಯಲ್ಲೇ ಸಾಕುತ್ತೇವೆ ಅನ್ನುವವರಿಗೆ, ವಿಶೇಷವಾಗಿ ಗಿಣಿ ಮರಿ ಸಿಕ್ಕವರಿಗೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ತಪ್ಪು ಅಂತ ಹೇಳಿಯೇ ಹೇಳುತ್ತೇನೆ. ಕಾನೂನಿನ ಮಾತು ಒಂದು ಕಡೆ ಇರಲಿ. ಮನುಷ್ಯರ ಕೈಯಲ್ಲೇ ಬೆಳೆದ ಮರಿಗೆ ಮನುಷ್ಯರ ಭಯ ಹೋಗುತ್ತದೆ, ತನ್ನವರ ಗುರುತು ಹತ್ತುವುದಿಲ್ಲ. ಆಮೇಲೆ ಬಿಟ್ಟರೂ ಅದು ಹೊರಗೆ ಬಾಳುವುದು ಕಷ್ಟ.

ಹೀಗೆ ಬೀಳುವ ಮರಿಗಳಲ್ಲಿ ಒಂದಷ್ಟನ್ನು ಬೀಳದಂತೆಯೇ ಮಾಡಬಹುದು. ಗಿಡ ಸವರುವ ಕೆಲಸ ನಮ್ಮಲ್ಲಿ ಹೆಚ್ಚು ನಡೆಯುವುದು ಬೇಸಿಗೆಯಲ್ಲಿ, ಮಳೆಗೆ ಮುಂಚೆ. ಹಕ್ಕಿಗಳು ಗೂಡಿನಲ್ಲಿರುವುದೂ ಅದೇ ಹೊತ್ತಿಗೆ. ನಮ್ಮ ಬೀದಿಗೆ ಬರುವ ಮಾಲಿಯಣ್ಣ ಈಗ ದಾಸವಾಳದ ಬೇಲಿಗೆ ಕತ್ತರಿ ಹಾಕುವ ಮುಂಚೆ ಕೊಂಬೆ ಸರಿಸಿ ಒಳಗೆ ನೋಡುತ್ತಾರೆ. ಗೂಡು ಕಂಡರೆ ಆ ಭಾಗವನ್ನು ಹಾಗೇ ಬಿಟ್ಟು, ಮನೆಯವರಿಗೆ ಹೇಳಿ, ಉಳಿದದ್ದನ್ನು ಸವರುತ್ತಾರೆ. ಮೂರು ವಾರ ಬಿಟ್ಟು ಬಂದು, ಗೂಡು ಖಾಲಿಯಾಗಿದ್ದರೆ ಬಾಕಿ ಕೆಲಸ ಮುಗಿಸುತ್ತಾರೆ.